ಗೌರಮ್ಮನ ತಲೆಯ ಮೇಲಿನ ಅಟ್ಟ

೧೯೮೬ರಲ್ಲಿ ನಾನು ತಿಪಟೂರಿನಲ್ಲಿ ಪುರಸಭೆಯ ಓವರ್‌ಸಿಯರ್ ಆಗಿದ್ದೆ. ಚರಂಡಿ, ರಸ್ತೆಗಳ ಜೊತೆಗೆ ಇನ್ನೊಂದು ತಲೆನೋವೂ ನನ್ನ ಪಾಲಿಗಿತ್ತು: ಯಾವುದಾದರೂ ಮನೆ ಬೀಳುವಂತಿದೆ ಎಂದು ಅರ್ಜಿ ಬಂದರೆ ಹೋಗಿ ನೋಡಿ ವರದಿ ಕೊಡಬೇಕು. ‘ಅಪಾಯಕಾರಿ’ ಎಂದು ಬರೆದರೆ ಒಳಗಿದ್ದವರು ಖಾಲಿ ಮಾಡಲೇಬೇಕು.

ಆಗ ಊರಿನಲ್ಲಿ ಬಾಡಿಗೆ ಮನೆ ಸಿಗುವುದೆಂದರೆ ದೇವರು ಪ್ರತ್ಯಕ್ಷವಾದ ಹಾಗೆ. ಕೊಬ್ಬರಿಗೆ ಒಳ್ಳೆಯ ಬೆಲೆಯಿತ್ತು; ಮನೆ ಖಾಲಿಯಾದರೆ ಮಾಲೀಕರು ತೆಂಗಿನಕಾಯಿ ತುಂಬಿ ಬೀಗ ಹಾಕುತ್ತಿದ್ದರು. ತೆಂಗಿನಕಾಯಿಗಳು ಬಾಡಿಗೆಯವರ ಹಾಗೆ ನಲ್ಲಿ ಹಾಕಿಸಿ ಎನ್ನುವುದಿಲ್ಲ, ಸುಣ್ಣ ಬಳಿಸಿ ಎನ್ನುವುದಿಲ್ಲ, ನೋಡಿ!

ಆ ಬೇಸಿಗೆಯಲ್ಲಿ ಕೊಬ್ಬರಿ ವ್ಯಾಪಾರಿ ಮಲ್ಲಣ್ಣನ ಅರ್ಜಿ ಬಂತು. ಅವನು ಬಾಡಿಗೆಗೆ ಕೊಟ್ಟ ಮನೆಯಲ್ಲಿದ್ದವಳು ಶೆಟ್ಟಿಕೆರೆ ಕಡೆಯ ಗೌರಮ್ಮ. ವಿಧವಾ ವೇತನ ನೆಚ್ಚಿಕೊಂಡು ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದಳು. ಮನೆ ಬಾಡಿಗೆಗೆ ಕೊಟ್ಟರೂ ಅಟ್ಟವನ್ನು ಮಾಲೀಕರೇ ಇಟ್ಟುಕೊಳ್ಳುವುದು ನಮ್ಮ ಕಡೆಯ ರೂಢಿ. ಮೇಲೆ ಕಾಯಿ ಒಣಗಿ ಕೊಬ್ಬರಿಯಾಗುತ್ತದೆ, ಕೆಳಗೆ ಸಂಸಾರ ನಡೆಯುತ್ತದೆ.

ಒಳಗೆ ಕಾಲಿಟ್ಟು ತಲೆಯೆತ್ತಿ ನೋಡಿದೆ. ನಡುಮನೆಯ ತೊಲೆ ಬಾಗಿತ್ತು. ಅದರ ಕೆಳಗೇ ಮಕ್ಕಳ ಹಾಸಿಗೆ ಸುತ್ತಿಟ್ಟಿದ್ದರು.

“ನೋಡುದ್ರಾ ಸಾರ್? ನಾಳೆ ಬಿದ್ರೆ ನನ್ ತಲೆಗೆ ಬತ್ತದೆ,” ಎಂದ ಮಲ್ಲಣ್ಣ. “ಪಿಂಚಣಿ ನಂಬ್ಕೊಂಡಿರೋರು ಬೇರೆ. ಮನಿಯಾರ್ಡರ್ ಬರ್ನಿಲ್ಲ ಅಂದ್ರೆ ನನ್ ಬಾಡಿಗೆ ಯಾರ್ ಕೊಡ್ತಾರೆ?”

“ಯಾವ ತಿಂಗ್ಳು ತಪ್ಸಿದೀನಿ, ಹೇಳಣ್ಣ?” ಎಂದಳು ಗೌರಮ್ಮ. ಅವನು ಅಟ್ಟದ ಕಡೆ ಕೈ ತೋರಿಸಿದ.

ಏಣಿ ಹಾಕಿಸಿ ಅಟ್ಟ ಹತ್ತಿದೆ. ಈ ಸೀಮೆಯಲ್ಲಿ ಹಳೆಯ ಕಾಯಿ ಇಳಿಸದೆ ಹೊಸದನ್ನು ಯಾರೂ ಏರಿಸುವುದಿಲ್ಲ. ಇಲ್ಲಿ ನೋಡಿದರೆ ಒಣಗಿದ ಹಳೆ ಕಾಯಿಯ ಮೇಲೆಯೇ ಹಸಿ ಕಾಯಿಯನ್ನು ಸೂರು ಮುಟ್ಟುವಂತೆ ಒಟ್ಟಿದ್ದ! ಇವರನ್ನು ಖಾಲಿ ಮಾಡಿಸಲು ತೊಲೆ ಬಾಗಲೆಂದೇ ಮಾಡಿದ ಕೆಲಸ. ಮೈಯೆಲ್ಲ ಉರಿದುಹೋಯಿತು. ಆದರೆ ಅಪಾಯವಿಲ್ಲ ಎಂದು ಬರೆದು ತೊಲೆ ಮುರಿದರೆ ತಾಯಿ ಮಕ್ಕಳ ಗತಿಯೇನು? ಅಪಾಯ ಎಂದು ಬರೆದರೆ ಅವರು ಬೀದಿಗೆ ಬಿದ್ದ ಹಾಗೆಯೇ.

“ಇವತ್ತೇ ಕಾಯಿ ಇಳಿಸಿ. ಆಮೇಲೆ ತೊಲೆ ನೋಡ್ತೀನಿ,” ಎಂದೆ.

“ಒಣಗೋಕ್ ಮುಂಚೆ ಇಳ್ಸಿದ್ರೆ ಕಾಯಿ ಕೆಟ್ಟೋಯ್ತವೆ ಕಣ್ರೀ!”

“ಕೆಡಲಿ. ಇಳಿಸ್ದಿದ್ರೆ, ಏರಿಸಿದ್ದು ಯಾಕೆ ಅಂತಾನೂ ವರದೀಲಿ ಬರೀತೀನಿ.”

ಸಂಜೆಯೊಳಗೆ ಅಟ್ಟ ಖಾಲಿಯಾಯಿತು. ತೊಲೆಗೆ ಆಸರೆ ಕಂಬ ಕೊಡಿಸಿ, ದುರಸ್ತಿ ಸಾಕು ಎಂದು ವರದಿ ಬರೆದೆ. ಗೌರಮ್ಮ ಅಲ್ಲೇ ಉಳಿದಳು. ಸುಳ್ಳೇಕೆ, ನನಗೆ ಭಾರಿ ಹೆಮ್ಮೆಯಾಗಿತ್ತು.

ಮರುವರ್ಷ ಅವಳು ತಂಗಿಯನ್ನು ಕರೆದುಕೊಂಡು ಕಚೇರಿಗೆ ಬಂದಳು. ಆ ಹುಡುಗಿಯ ಗಂಡನೂ ತೀರಿಕೊಂಡಿದ್ದ. ಅವಳಿಗೂ ಪಿಂಚಣಿ ಮಂಜೂರಾಗಿತ್ತು.

“ಊರೆಲ್ಲಾ ಸುತ್ತಿದ್ವಿ ಸಾರ್. ಮನೆ ಅವೆ. ಪಿಂಚಣಿಯೋರು ಅಂದೇಟ್ಗೆ ಬಾಗ್ಲು ಹಾಕ್ಕೊತಾರೆ. ಇಂಥೋರು ಒಂದ್ಸಲ ಒಳೀಕ್ ಬಂದ್ರೆ ಆ ಓವರ್‌ಸಿಯರ್ ಬಿಡ್ಸಕ್ಕೇ ಬುಡಲ್ಲ ಅಂತಾರೆ. ನೀವು ನಂಗೆ ಮಾಡಿದ್ ಉಪಕಾರ ಇವಳ್ಗೆ ಮುಳುವಾಯ್ತು ಸಾರ್.”

ಅವಳು ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. ಒಳಗಿದ್ದವರನ್ನು ಉಳಿಸುವ ಅಧಿಕಾರ ನನಗಿತ್ತು, ಬೀಗ ತೆಗೆಸುವ ಅಧಿಕಾರ ಯಾರ ಕೈಯಲ್ಲೂ ಇದ್ದಂತೆ ಕಾಣಲಿಲ್ಲ. ಬಾಡಿಗೆ ಮನೆ ಸಿಗದ ಊರಿನಲ್ಲಿ ಒಬ್ಬ ಬಡವಳಿಗೆ ಕೊಡಿಸಿದ ನ್ಯಾಯಕ್ಕೆ ಇನ್ನೊಬ್ಬ ಬಡವಳೇ ಬೆಲೆ ತೆರುತ್ತಾಳೆ ಎಂಬುದನ್ನು ನನ್ನ ವೃತ್ತಿ ಕಲಿಸಿದ್ದು ಅವತ್ತು.

“ಕೂತ್ಕೊಳ್ಳಮ್ಮ,” ಎಂದೆ ಆ ಹುಡುಗಿಗೆ. ಎದ್ದು ನನ್ನ ಕುರ್ಚಿಯನ್ನೇ ಅವಳ ಕಡೆ ಸರಿಸಿದೆ.