ಜನ ಹಿಡಿಯದ ಗಾಡಿ

ದೋಹಾ ವಿಮಾನ ನಿಲ್ದಾಣದ ಹೊರಗೆ ಟ್ಯಾಕ್ಸಿ ಸಿಗುತ್ತದೆ. ಹಗಲೂ ಸಿಗುತ್ತದೆ, ರಾತ್ರಿಯೂ ಸಿಗುತ್ತದೆ. ಸಾಲಾಗಿ ನಿಂತಿರುತ್ತವೆ. ಒಳಗೆ ಎಸಿ ಇದೆ, ಮೀಟರ್ ಇದೆ. ಟ್ಯಾಕ್ಸಿ ಬೇಡವೆಂದರೆ ಮೆಟ್ರೊ ಇದೆ, ಅದು ವಿಮಾನ ನಿಲ್ದಾಣದ ಬಾಗಿಲಿಗೇ ಬಂದು ನಿಲ್ಲುತ್ತದೆ. ಇದೇನೂ ಗುಟ್ಟಲ್ಲ. ಆದರೆ ಇಪ್ಪತ್ತು ವರ್ಷದಿಂದ ಇಲ್ಲಿ ದುಡಿಯುತ್ತಿರುವ ನಮ್ಮ ಕನ್ನಡಿಗರಿಗೆ ಈ ಸುದ್ದಿ ಇನ್ನೂ ತಲುಪಿಲ್ಲ. ಅವರಿಗೆ ತಲುಪಿರುವುದು ಸೀನಪ್ಪಣ್ಣನ ಮೊಬೈಲ್ ನಂಬರ್ ಮಾತ್ರ.

ಸೀನಪ್ಪ ಬೆಳ್ಮಣ್ಣು ಕಡೆಯವರು. ಎಸಿಯ ಗಾಳಿ ಹರಿಯುವ ಡಕ್ಟ್ ತಯಾರಿಸುವ ಕಂಪನಿಯೊಂದರಲ್ಲಿ ಸ್ಟೋರ್ ನೋಡಿಕೊಳ್ಳುತ್ತಾರೆ. ಐನ್ ಖಾಲಿದ್ ಬಡಾವಣೆಯಲ್ಲಿ ಒಂದು ವಿಲ್ಲಾಕ್ಕೆ ಅಡ್ಡಗೋಡೆ ಹಾಕಿ ಐದು ಮನೆ ಮಾಡಿದ್ದಾರಲ್ಲ, ಅದರ ಹಿಂಬದಿಯ ಮನೆ ಅವರದು. ಹೆಂಡತಿ ಪೂವಕ್ಕ, ಒಬ್ಬಳೇ ಮಗಳು ನಿಶ್ಮಿತಾ. ದೋಹಾಕ್ಕೆ ಬಂದ ಸ್ವಲ್ಪ ಕಾಲಕ್ಕೆ ಅವರು ಏಳು ಸೀಟಿನ ಒಂದು ಜಪಾನಿ ಗಾಡಿ ತೆಗೆದುಕೊಂಡರು. ಅವರು ಮಾಡಿದ ಅಪರಾಧ ಇಷ್ಟೇ.

ಮನೆಯಲ್ಲಿ ಮೂವರು. ಉಳಿದ ಸೀಟುಗಳು ಯಾರದು? ಸಮಾಜದ್ದು. ಊರಿನಿಂದ ಯಾರದೋ ಅತ್ತೆ ಬಂದರೆ ಸೀನಪ್ಪಣ್ಣ. ಯಾರದೋ ಬಾಣಂತನಕ್ಕೆ ಅಮ್ಮ ಬಂದರೆ ಸೀನಪ್ಪಣ್ಣ. ಹಲಸಿನ ಹಪ್ಪಳದ ಪೆಟ್ಟಿಗೆ ಬಂದರೆ ಸೀನಪ್ಪಣ್ಣ, ಇಲ್ಲಿನ ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹಾರ್ಮೋನಿಯಂ ಬಂದರೆ ಸೀನಪ್ಪಣ್ಣ, ಹಾರ್ಮೋನಿಯಂ ನುಡಿಸುವವನು ವಾಪಸ್ ಹೋಗುವಾಗಲೂ ಸೀನಪ್ಪಣ್ಣ. ವಾರಕ್ಕೊಂದೇ ರಜೆ, ಶುಕ್ರವಾರ. ಆ ಶುಕ್ರವಾರವನ್ನು ಅವರು ವಿಮಾನ ನಿಲ್ದಾಣದಲ್ಲಿ ಆಗಮನದ ಗಾಜಿನ ಬಾಗಿಲ ಮುಂದೆ ನಿಂತು ಕಳೆದರು. ಇದಕ್ಕೆ ಪ್ರತಿಫಲವಾಗಿ ಸಂಘದವರು ಒಮ್ಮೆ ಅವರಿಗೆ ಶಾಲು ಹೊದಿಸಿದರು. ಆ ಶಾಲನ್ನು ಮಂಗಳೂರಿನಿಂದ ತಂದವರನ್ನು ಕರೆತಂದದ್ದೂ ಅವರೇ.

ಅವರಿಗೆ ಪರೋಪಕಾರದ ಹುಚ್ಚು ಎಂದು ನೀವು ತಿಳಿದಿದ್ದೀರಿ. ಹಾಗೆ ತಿಳಿದರೆ ನಿಮಗೇ ಅನುಕೂಲ. ನಿಜ ಏನೆಂದರೆ ಆ ಮನುಷ್ಯನಿಗೆ ‘ಆಗುವುದಿಲ್ಲ’ ಎಂಬ ಮಾತು ಬಾಯಿಗೆ ಬರುವುದಿಲ್ಲ. ಫೋನಿನಲ್ಲಿ ಯಾರಾದರೂ “ಸೀನಪ್ಪಣ್ಣಾ...” ಎಂದು ಎಳೆದ ಕೂಡಲೇ ಇವರು ಚಪ್ಪಲಿ ಹುಡುಕಲು ಶುರುಮಾಡುತ್ತಾರೆ.

ಕಳೆದ ವರ್ಷ ಒಂದು ಶುಕ್ರವಾರ ಮಧ್ಯಾಹ್ನ ನಿಶ್ಮಿತಾಗೆ ಹೊಟ್ಟೆನೋವು ಬಂತು. ಅಪೆಂಡಿಕ್ಸ್. ಹುಡುಗಿ ನೆಲದಲ್ಲಿ ಹೊರಳುತ್ತಿದ್ದಳು. ಸೀನಪ್ಪ ಆಗ ಯಾರದೋ ಷಡ್ಡಕನಿಗಾಗಿ ವಿಮಾನ ನಿಲ್ದಾಣದಲ್ಲಿ ಕಾಯುತ್ತಿದ್ದರು, ವಿಮಾನ ತಡ. ಪೂವಕ್ಕ ಮೊಬೈಲಿನಲ್ಲಿ ಟ್ಯಾಕ್ಸಿ ಕರೆದರು. ಅದು ಬೀದಿಯ ತಿರುವಿನಲ್ಲೇ ಇತ್ತೋ ಏನೋ, ಮಗಳಿಗೆ ಚಪ್ಪಲಿ ಹಾಕಿಸುವಷ್ಟರಲ್ಲಿ ಬಂತು. ಆಪರೇಷನ್ ಚೆನ್ನಾಗಿಯೇ ಆಯಿತು. ಸಂಜೆ ಆಸ್ಪತ್ರೆಗೆ ಓಡಿಬಂದ ಗಂಡನಿಗೆ ಪೂವಕ್ಕ ಬೈಯಲಿಲ್ಲ. ತುಳುವಿನಲ್ಲಿ ಅವರು ಹೇಳಿದ್ದನ್ನು ಕನ್ನಡದಲ್ಲಿ ಕೊಡುತ್ತೇನೆ.

“ಊರವರಿಗೆಲ್ಲ ನೀವು. ನಮಗೆ ಟ್ಯಾಕ್ಸಿ. ಒಳ್ಳೆ ಏರ್ಪಾಡು.”

ಸೀನಪ್ಪ ಮಗಳ ಹೊದಿಕೆ ಸರಿಮಾಡಿದರು.

“ಒಂದು ವರ್ಷ ಕಳೆದ್ರೆ ಇವಳು ಕಾಲೇಜಿಗೆ ಹೋಗ್ತಾಳೆ. ಆ ಒಂದು ವರ್ಷದ ಶುಕ್ರವಾರ ನಮಗೆ ಕೊಡಿ. ಆಮೇಲೆ ಬೇಕಾದ್ರೆ ಏರ್‌ಪೋರ್ಟಿನಲ್ಲೇ ಮನೆ ಮಾಡಿ.”

ಬೇರೆ ಯಾರಾದರೂ ಆಗಿದ್ದರೆ ಮರುದಿನದಿಂದ ಫೋನಿನಲ್ಲಿ ‘ಆಗುವುದಿಲ್ಲ’ ಎಂದು ಹೇಳಿಬಿಡುತ್ತಿದ್ದರು. ಅದಕ್ಕೆ ಖರ್ಚಿಲ್ಲ. ಸೀನಪ್ಪ ಹಾಗೆ ಮಾಡಲಿಲ್ಲ. ಏಳು ಸೀಟಿನ ಗಾಡಿ ಮಾರಿ, ತಮ್ಮ ಬದಲು ‘ಆಗುವುದಿಲ್ಲ’ ಎಂದು ಹೇಳಬಲ್ಲ ಗಾಡಿಯೊಂದನ್ನು ಕೊಳ್ಳಲು ಹೊರಟರು.

ಹಳೆ ಗಾಡಿಗಳ ದಲ್ಲಾಳಿ ಜಾಬಿರ್ ಉಳ್ಳಾಲದವನು. ಅವನ ಮುಂದೆ ಸೀನಪ್ಪ ಬೇಡಿಕೆ ಇಟ್ಟರು: “ಜನ ಹಿಡಿಯದ ಗಾಡಿ ಬೇಕು.”

ಜಾಬಿರ್ ಚಹಾದ ಕಪ್ಪು ಕೆಳಗಿಟ್ಟ. “ಎಂತ ಸೀನಣ್ಣ? ಎಲ್ಲರೂ ಬಂದು ಎಷ್ಟು ಜನ ಹಿಡೀತದೆ ಅಂತ ಕೇಳುವುದು. ನೀವು ಉಲ್ಟಾ ಕೇಳ್ತೀರಲ್ಲ! ಪಿಕಪ್ ತೆಗೊಳ್ಳಿ. ಎರಡೇ ಸೀಟು.”

“ಪಿಕಪ್ಪಾ? ಮನೆ ಖಾಲಿ ಮಾಡುವವರೆಲ್ಲ ನನ್ನ ಬಾಗಿಲಿಗೆ ಬರ್ತಾರೆ ಮಾರಾಯ! ಸೋಫಾ ಹೊರಬೇಕಾದೀತು.”

“ಹಾಗಾದ್ರೆ ಬನ್ನಿ, ನಿಮ್ಮ ಜಾತಕಕ್ಕೆ ಸರಿಯಾದ್ದು ಒಂದು ಉಂಟು,” ಎಂದು ಜಾಬಿರ್ ಅಂಗಳದ ಮೂಲೆಗೆ ಕರೆದೊಯ್ದ.

ಅಲ್ಲಿ ನಿಂತಿತ್ತು ಡಾಡ್ಜ್ ಚಾಲೆಂಜರ್. ನೇರಳೆ ಹಣ್ಣಿನ ಬಣ್ಣ. ಎಂಟು ಸಿಲಿಂಡರಿನ ಎಂಜಿನ್. ಇಂಥವನ್ನು ಅಮೆರಿಕದವರು ಮಸಲ್ ಕಾರ್ ಎನ್ನುತ್ತಾರೆ. ಗಾಡಿಗಳಲ್ಲಿ ಪೈಲ್ವಾನ ಎಂದುಕೊಳ್ಳಿ. ಇಲ್ಲಿ ಇದನ್ನು ಕೊಳ್ಳುವವರು ಮೀಸೆ ಈಗಷ್ಟೇ ಮೂಡಿದ ಹುಡುಗರು. ಸಿಗ್ನಲ್‌ನಲ್ಲಿ ಗುರುಗುಟ್ಟಿಸಲಿಕ್ಕೆ, ಮರಳುಗಾಡಿನ ಅಂಚಿನಲ್ಲಿ ಟಯರ್ ಸುಡಲಿಕ್ಕೆ. ಜಾಬಿರ್ ಕೀಲಿ ತಿರುಗಿಸಿದ. ಅಂಗಳದ ತಗಡಿನ ಮಾಡು ನಡುಗಿತು.

ಸೀನಪ್ಪ ಎಂಜಿನ್ ನೋಡಲೇ ಇಲ್ಲ. “ಬಾಗಿಲು ಎಷ್ಟು?” ಎಂದರು.

“ಎರಡೇ. ಹಿಂದೆ ಹೋಗಬೇಕಾದ್ರೆ ಮುಂದಿನ ಸೀಟು ಮಡಚಿ, ಸೊಂಟ ಬಗ್ಗಿಸಿ, ತಲೆ ತಗ್ಗಿಸಿ ನುಗ್ಗಬೇಕು. ಯಾರ ಅತ್ತೆ ನುಗ್ತಾರೆ ಹೇಳಿ?”

ಐವತ್ತೆರಡು ವರ್ಷದ, ಮೊಣಕಾಲು ನೋವಿನ, ಗಂಟೆಗೆ ಎಂಬತ್ತು ಕಿಲೋಮೀಟರ್ ದಾಟಿದರೆ ಎದೆ ಹೊಡೆದುಕೊಳ್ಳುವ ನಮ್ಮ ಸ್ಟೋರ್ ಇನ್‌ಚಾರ್ಜ್ ಹೀಗೆ ಅಮೆರಿಕದ ಪೈಲ್ವಾನನನ್ನು ಮನೆಗೆ ತಂದರು.

ಪೂವಕ್ಕ ಹೊರಗೆ ಬಂದು ಸೊಂಟಕ್ಕೆ ಕೈಕೊಟ್ಟು ನಿಂತರು. “ಇದೆಂತದು? ಯಾರದು?”

“ನಮ್ಮದೇ. ಇದರಲ್ಲಿ ಯಾರನ್ನೂ ಕೂರಿಸ್ಲಿಕ್ಕೆ ಆಗುವುದಿಲ್ಲ.”

“ನನ್ನನ್ನು?”

“ನೀನು ಮುಂದೆ.”

“ಇವಳನ್ನು?”

“ಅವಳು ಸಪೂರ ಇದ್ದಾಳಲ್ಲ, ಹಿಂದೆ ನುಗ್ತಾಳೆ.”

ನಿಶ್ಮಿತಾ ಆಗಲೇ ಒಳಗೆ ನುಗ್ಗಿಯಾಗಿತ್ತು. “ಪಪ್ಪಾ, ದಿಸ್ ಈಸ್ ಕ್ರೇಜಿ! ನೀವು ಕೂಲ್ ಆದ್ರಿ, ಬಟ್ ಕಾರಣ ಮಾತ್ರ ತುಂಬಾ ಅನ್‌ಕೂಲ್!”

ಕೆಲವು ಶುಕ್ರವಾರ ಸೊಗಸಾಗಿ ಕಳೆದವು. ಮೂವರೂ ವಕ್ರಾದ ಕಡಲ ತೀರಕ್ಕೆ ಹೋದರು. ಸಿಗ್ನಲ್‌ನಲ್ಲಿ ಪಕ್ಕದ ಗಾಡಿಯ ಹುಡುಗ ಎಂಜಿನ್ ಗುರುಗುಟ್ಟಿಸಿ ಪಂಥಕ್ಕೆ ಕರೆದರೆ, ಸೀನಪ್ಪ ಪರಿಚಯದವರಿರಬೇಕು ಎಂದುಕೊಂಡು ಕೈಯೆತ್ತಿ ನಮಸ್ಕಾರ ಮಾಡುತ್ತಿದ್ದರು. ಫೋನ್ ಬಂದರೆ, “ಅಯ್ಯೋ, ಗಾಡಿ ಸಣ್ಣದು ಮಾರಾಯ್ರೆ, ಎಂತ ಮಾಡುವುದು?” ಎನ್ನುತ್ತಿದ್ದರು. ಜೀವಮಾನದಲ್ಲಿ ಮೊದಲ ಬಾರಿಗೆ ಅವರ ದನಿಯಲ್ಲಿ ಸುಳ್ಳು ವಿಷಾದವಿತ್ತು. ಅದು ಅವರಿಗೆ ಬಹಳ ಹಿಡಿಸಿತ್ತು.

ನಮ್ಮವರು ಏನು ಹೇಳಿದರು? ಸೀನಪ್ಪನಿಗೆ ಲಾಟರಿ ಹೊಡೆದಿದೆ ಎಂದರು. ಈ ವಯಸ್ಸಿನಲ್ಲಿ ಚಪಲ ಎಂದರು. ಸಂಘದ ಕಾರ್ಯದರ್ಶಿ ಯಜ್ಞೇಶ್ ಅವರಂತೂ ಸಭೆಯಲ್ಲೇ, “ಸೀನಪ್ಪಣ್ಣ ಈಗ ಮೊದಲಿನ ಹಾಗೆ ಇಲ್ಲ, ಸ್ವಲ್ಪ ಅಹಂ ಬಂದಿದೆ,” ಎಂದು ಎಲ್ಲರ ಪರವಾಗಿ ನೊಂದುಕೊಂಡರು. ಮನುಷ್ಯನಿಗೆ ಸುಸ್ತಾಗಿರಬಹುದು ಎಂದು ಒಬ್ಬರಿಗೂ ಹೊಳೆಯಲಿಲ್ಲ. ಬಿಟ್ಟಿ ಸೇವೆ ನಿಂತಾಗ ನಮಗೆ ಮೊದಲು ಕಾಣುವುದು ಸೇವಕನ ಸೊಕ್ಕು.

ಈ ಸುಖ ಮುರಿದದ್ದು ಒಬ್ಬ ಒಳ್ಳೆಯ ಹುಡುಗ. ಕಲ್ಮೇಶ ಗದಗ ಕಡೆಯವನು, ಗ್ಯಾಸ್ ಪ್ಲಾಂಟಿನಲ್ಲಿ ಕೆಲಸ, ಗಾಡಿ ಎಂದರೆ ಪ್ರಾಣ. ಚಾಲೆಂಜರ್ ನೋಡಲೆಂದೇ ಬಂದ. ಬಾನೆಟ್ ತೆಗೆದು ಕೈಮುಗಿದ. ಸುತ್ತ ಎರಡು ಪ್ರದಕ್ಷಿಣೆ ಹಾಕಿದ. ಆಮೇಲೆ ಡಿಕ್ಕಿ ತೆಗೆದ.

“ಅಬಾಬಾಬಾ! ಅಣ್ಣಾರ, ಇದು ಡಿಕ್ಕಿ ಅಲ್ರೀ, ನಮ್ಮೂರ ಹಗೇವು ಐತಿ! ಕಾಳು ತುಂಬಿದ್ರ ಒಂದು ವರ್ಷ ಕುಂತು ಉಣಬಹುದು!”

“ಮೆಲ್ಲ ಮಾತಾಡು ಮಾರಾಯ,” ಎಂದರು ಸೀನಪ್ಪ.

ಕಲ್ಮೇಶ ಅಷ್ಟರಲ್ಲಿ ಹಿಂದಿನ ಸೀಟಿಗೆ ನುಗ್ಗಿ ಕಾಲು ಚಾಚಿದ್ದ. “ಇಲ್ಲೂ ಭಾಳ ಜಾಗ ಐತ್ರಿ! ಯಾರ್ರೀ ಇದನ್ನ ಸಣ್ಣ ಗಾಡಿ ಅಂದಾಂವ?”

ಇದೇ ಎಡವಟ್ಟು. ಪೈಲ್ವಾನನಿಗೆ ಬಾಗಿಲು ಎರಡೇ ಇರಬಹುದು, ಹೊಟ್ಟೆ ಮಾತ್ರ ದೊಡ್ಡದು. ಬಾಗಿಲು ಎಣಿಸಿದ ಸೀನಪ್ಪ ಡಿಕ್ಕಿ ತೆಗೆದು ನೋಡಿರಲಿಲ್ಲ. ಕಲ್ಮೇಶ ಪ್ರೀತಿಯಿಂದ ಒಂದು ವಿಡಿಯೊ ಮಾಡಿ ಕನ್ನಡಿಗರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದ. ಅವನು ಚಹಾ ಕುಡಿದು ಮುಗಿಸುವ ಮೊದಲೇ ಸೀನಪ್ಪನ ಫೋನ್ ಹೊಡೆದುಕೊಂಡಿತು. “ಸೀನಪ್ಪಣ್ಣಾ...”

ಮೊದಲು ಬಂದವರು ಮೂಡುಬಿದಿರೆಯ ಒಬ್ಬ ಅತ್ತೆ. ತುಂಬು ಸೀರೆಯ, ತುಂಬು ಮೈಯ ಆ ಹೆಂಗಸು ಸೀಟು ಮಡಚಿದ್ದೇ ತಡ, ನುಗ್ಗಿದರು. ಇಳಿದ ಮೇಲೆ ಗಾಡಿಗೆ ಒರಗಿ ಫೋಟೊ ತೆಗೆಸಿಕೊಂಡು, “ವಿಮಾನಕ್ಕಿಂತ ಇದೇ ಗಮ್ಮತ್ತು!” ಎಂದರು. ಆ ಫೋಟೊ ಊರೆಲ್ಲ ಸುತ್ತಿತು. ಅಲ್ಲಿಂದ ಮುಂದೆ ಬರುವವರೆಲ್ಲ ಊರಿನಿಂದಲೇ ವಿಚಾರಿಸತೊಡಗಿದರು: ಆ ನೇರಳೆ ಕಾರಿನವರು ಬರುತ್ತಾರಲ್ಲವಾ? ಹಳೆಯ ಗಾಡಿಗೆ ಅಗತ್ಯವಿದ್ದವರು ಮಾತ್ರ ಹತ್ತುತ್ತಿದ್ದರು. ಇದಕ್ಕೆ ಅಗತ್ಯವಿಲ್ಲದವರೂ ಹತ್ತಿದರು. ಪೂವಕ್ಕ ಕೇಳಿದ ವರ್ಷ ಹೀಗೆ ಕರಗಿಹೋಯಿತು.

ನಿಶ್ಮಿತಾಗೆ ಪುಣೆಯಲ್ಲಿ ಕಾನೂನು ಓದಲು ಸೀಟು ಸಿಕ್ಕಿತು. ಹೊರಡುವುದು ಶುಕ್ರವಾರ ಸಂಜೆ. ಅಂದು ಬೆಳಿಗ್ಗೆಯೇ ಯಜ್ಞೇಶ್ ಫೋನ್ ಮಾಡಿದರು. ಸಂಘದ ಸಮಾರಂಭಕ್ಕೆ ಮುಖ್ಯ ಅತಿಥಿಗಳು, ದಂಪತಿ, ಅದೇ ಹೊತ್ತಿಗೆ ಇಳಿಯುತ್ತಾರೆ. “ನೀವು ಹೇಗೂ ಏರ್‌ಪೋರ್ಟಿಗೆ ಹೋಗುವವರಲ್ವಾ ಸೀನಪ್ಪಣ್ಣ?”

ಹೇಗೂ! ಒಬ್ಬ ತಂದೆ ಮಗಳನ್ನು ಕಳಿಸಿಕೊಡುವುದು ಇವರ ಬಾಯಲ್ಲಿ ‘ಹೇಗೂ’ ಆಗಿಬಿಡುತ್ತದೆ.

ಸೀನಪ್ಪ ‘ಆಗುವುದಿಲ್ಲ’ ಎನ್ನಲಿಲ್ಲ. ಸಂಜೆ ಯಜ್ಞೇಶ್ ಸೂಟು ತೊಟ್ಟು, ಹೂಗುಚ್ಛ ಹಿಡಿದು ಐನ್ ಖಾಲಿದ್‌ಗೇ ಬಂದರು. ಗಾಡಿಯ ಮುಂದಿನ ಸೀಟಿನಲ್ಲಿ ಹೂಗುಚ್ಛ ಇಟ್ಟು, ಲೆಕ್ಕ ಹಾಕಿದರು.

“ನೋಡಿ, ಮುಂದೆ ನಾನು. ನಿಶ್ಮಿತಾ ಇಳಿದ ಕೂಡಲೇ ಹಿಂದಿನ ಸೀಟು ಖಾಲಿ. ಆದ್ರೆ ಪೂವಕ್ಕ ಬಂದ್ರೆ ವಾಪಸ್ ಬರುವಾಗ ಗೆಸ್ಟ್ ಎಲ್ಲಿ ಕೂರುವುದು? ಪೂವಕ್ಕ ಇಲ್ಲಿಯೇ ಟಾಟಾ ಮಾಡ್ಲಿ. ಅಲ್ಲಿ ಬಂದು ಅಳುವುದು ಯಾಕೆ, ಇಲ್ಲಿ ಅತ್ತರಾಯ್ತು.”

ಪೂವಕ್ಕ ಮೊಬೈಲ್ ತೆಗೆದರು. ಟ್ಯಾಕ್ಸಿ ಬಂತು. ತಾಯಿ ಮಗಳು ಸೂಟ್‌ಕೇಸುಗಳ ಸಮೇತ ಅದರಲ್ಲಿ ಕೂತರು. ಹಿಂದಿನಿಂದ ನೇರಳೆ ಪೈಲ್ವಾನ ಹೂಗುಚ್ಛ ಹೊತ್ತು ಗುರುಗುಟ್ಟುತ್ತ ಹೊರಟ.

ನಿಲ್ದಾಣದಲ್ಲಿ ಹೊರಡುವವರು ಮೇಲಿನ ಅಂತಸ್ತಿನಲ್ಲಿ, ಬರುವವರು ಕೆಳಗೆ. ಸೀನಪ್ಪ ಗಾಡಿಯನ್ನು ಪಾರ್ಕಿಂಗ್‌ನಲ್ಲಿಟ್ಟು ಕೆಳಗೆ ನಿಂತರು, ತಮ್ಮ ಮಾಮೂಲಿ ಜಾಗದಲ್ಲಿ. ಅತಿಥಿಗಳ ವಿಮಾನ ಇಳಿದಿತ್ತು, ಅವರು ಇನ್ನೂ ಹೊರಬಂದಿರಲಿಲ್ಲ. ಮಗಳ ಫೋನ್ ಬಂತು. “ಪಪ್ಪಾ, ಚೆಕ್-ಇನ್ ಆಯ್ತು. ಒಳಗೆ ಹೋಗ್ಬೇಕು. ಎಲ್ಲಿದ್ದೀರಿ?”

“ಒಂದು ಸಲ ಮೇಲೆ ಹೋಗಿ ಬರ್ತೇನೆ,” ಎಂದರು ಸೀನಪ್ಪ.

“ಛೆ ಛೆ, ಈಗ ಬರ್ತಾರೆ ಅವರು!” ಯಜ್ಞೇಶ್ ತೋಳು ಹಿಡಿದರು. “ಗಾಡಿ ರೆಡಿ ಇಲ್ಲದಿದ್ರೆ ಸಂಘದ ಮರ್ಯಾದೆ ಏನಾಗ್ಬೇಕು? ಮಗಳು ಎಲ್ಲಿಗೆ ಹೋಗ್ತಾಳೆ ಅಣ್ಣ, ವಿಡಿಯೊ ಕಾಲ್ ಉಂಟಲ್ಲ.”

ಸೀನಪ್ಪ ತೋಳು ಬಿಡಿಸಿಕೊಂಡರು. ಆಮೇಲೆ ಜೇಬಿನಿಂದ ಕೀಲಿ ತೆಗೆದು ಯಜ್ಞೇಶರ ಹೂಗುಚ್ಛದ ನಡುವೆ ಇಟ್ಟರು.

“ಎಂತ ಇದು?”

“ಗಾಡಿ.”

“ನಾನು... ನನಗೆ ಅಷ್ಟು ದೊಡ್ಡದು ಬಿಟ್ಟು ಗೊತ್ತಿಲ್ಲ ಸೀನಪ್ಪಣ್ಣ!”

“ಬಾಗಿಲು ಎರಡೇ. ಸುಲಭ,” ಎಂದವರೇ ಎಸ್ಕಲೇಟರಿನ ಕಡೆ ಓಡಿದರು. ಮೊಣಕಾಲು ನೋವು ಅವರಿಗೆ ನೆನಪಾಗಲಿಲ್ಲ.

ಮಗಳು ಒಳಗೆ ಹೋಗುವ ಬಾಗಿಲಲ್ಲೇ ಸಿಕ್ಕಳು. ಅಪ್ಪಿಕೊಂಡು ಅತ್ತಳು. ಮೂಗು ಒರೆಸಿಕೊಂಡು ಕೇಳಿದಳು. “ಪಪ್ಪಾ, ಗಾಡಿ ಹತ್ರ ಯಾರಿದ್ದಾರೆ?”

“ಯಜ್ಞೇಶ್. ಕೀಲಿ ಅವನಿಗೇ ಕೊಟ್ಟೆ.”

ಅವಳು ನಗಲು ಶುರುಮಾಡಿದವಳು ಕಣ್ಮರೆಯಾಗುವವರೆಗೂ ತಿರುಗಿ ತಿರುಗಿ ನೋಡಿ ನಕ್ಕಳು. ಗಂಡ ಹೆಂಡತಿ ಟ್ಯಾಕ್ಸಿಯಲ್ಲಿ ಮನೆಗೆ ಬಂದರು. ಇಷ್ಟು ವರ್ಷಗಳಲ್ಲಿ ಇಬ್ಬರೂ ಹಿಂದಿನ ಸೀಟಿನಲ್ಲಿ ಒಟ್ಟಿಗೆ ಕೂತದ್ದು ಅದೇ ಮೊದಲು. ದಾರಿಯಲ್ಲಿ ಯಜ್ಞೇಶರ ಫೋನ್ ಬಂತು. ಪಾರ್ಕಿಂಗ್‌ನ ಕಂಬವೊಂದು ಪೈಲ್ವಾನನಿಗೆ ಅಡ್ಡ ಬಂದಿತ್ತು. ಮುಂಭಾಗ ಜಜ್ಜಿಹೋಗಿತ್ತು.

“ನಿನಗೇನೂ ಆಗಲಿಲ್ಲ ಅಲ್ವಾ?” ಎಂದರು ಸೀನಪ್ಪ. “ಹಾಗಾದ್ರೆ ಖಲಾಸ್. ಬಿಡು.”

ಮುಖ್ಯ ಅತಿಥಿಗಳು ಏನಾದರು ಎನ್ನುವಿರಾ? ಟ್ಯಾಕ್ಸಿಯಲ್ಲಿ ಹೋಟೆಲಿಗೆ ಹೋದರು. ಮರುದಿನ ವೇದಿಕೆಯಲ್ಲಿ, ಈ ದೇಶದ ಟ್ಯಾಕ್ಸಿ ವ್ಯವಸ್ಥೆ ಎಷ್ಟು ಅಚ್ಚುಕಟ್ಟು ಎಂದು ಮನಸಾರೆ ಹೊಗಳಿದರು. ನಮ್ಮವರು ಚಪ್ಪಾಳೆ ತಟ್ಟಿದರು. ತಟ್ಟಿದ್ದು ಕೈ ಮಾತ್ರ, ತಲೆಗೆ ಏನೂ ತಟ್ಟಲಿಲ್ಲ.

ಬಿಡಿಭಾಗ ಅಮೆರಿಕದಿಂದ ಬರಬೇಕಿತ್ತು, ಗಾಡಿ ವಾರಗಟ್ಟಲೆ ಗ್ಯಾರೇಜಿನಲ್ಲಿ ನಿಂತಿತು. ಫೋನ್ ಬಂದರೆ ಸೀನಪ್ಪ “ಗಾಡಿಯೇ ಇಲ್ವಲ್ಲ ಮಾರಾಯ್ರೆ” ಎಂದು ಹೇಳಿ, ಪೂವಕ್ಕನ ಜೊತೆ ಬಸ್ಸು ಹತ್ತಿ ಕಡಲ ತೀರಕ್ಕೆ ಹೋದರು. ಒಂದು ಶುಕ್ರವಾರವೂ ತಪ್ಪಲಿಲ್ಲ. ಇದನ್ನು ಗೆಲುವು ಎಂದು ಕರೆಯಬೇಡಿ. ಮಗಳು ಮನೆಯಲ್ಲಿದ್ದ ವರ್ಷ ಹೋಯಿತು, ಅದನ್ನು ತಿಂದವರು ನೀವು. ಆ ಮನುಷ್ಯ ಈಗಲೂ ‘ಆಗುವುದಿಲ್ಲ’ ಎಂದಿಲ್ಲ. ಅವರ ಪರವಾಗಿ ಆ ಮಾತು ಹೇಳಿದ್ದು ಒಂದು ಸಿಮೆಂಟಿನ ಕಂಬ.

ಈ ಗುರುವಾರ ಗಾಡಿ ರಿಪೇರಿಯಾಗಿ ಹೊರಗೆ ಬರುತ್ತದೆ. ಕಲ್ಮೇಶ ಸಂತೋಷ ತಡೆಯಲಾರದೆ ಅದನ್ನೂ ಗುಂಪಿಗೆ ಹಾಕಿದ್ದಾನೆ. ಶುಕ್ರವಾರ ನಿಮ್ಮ ಅತ್ತೆ ಇಳಿಯುತ್ತಾರೆ ಎಂದು ನನಗೆ ಗೊತ್ತು. ಫೋನ್ ಕೈಗೆತ್ತಿಕೊಳ್ಳಿ. ಸೀನಪ್ಪಣ್ಣನ ನಂಬರ್ ಅಳಿಸಿ. ಆಮೇಲೆ ನೀವೇ ನಿಲ್ದಾಣಕ್ಕೆ ಹೋಗಿ, ಅತ್ತೆಯ ಪೆಟ್ಟಿಗೆ ನೀವೇ ಎತ್ತಿ, ಹೊರಗೆ ಸಾಲಾಗಿ ನಿಂತಿರುವ ಟ್ಯಾಕ್ಸಿ ಹತ್ತಿ.