ಬಾಯಮ್ಮನ ಲ್ಯಾಟಿನ್ ಪುಸ್ತಕ

ನಾನು ಓದಿದ್ದು ಮೂರನೇ ಕ್ಲಾಸು. ತೊಂಬತ್ತರ ದಶಕದಲ್ಲಿ ಬಹ್ರೇನಿನ ಜಿಂಜ್‌ನಲ್ಲಿ, ಮಂಗಳೂರು ಕಡೆಯ ಕ್ರೈಸ್ತರ ಮನೆಯೊಂದರಲ್ಲಿ ಅಡುಗೆಗಿದ್ದೆ. ಯಜಮಾನರ ತಾಯಿಗೆ ಕಣ್ಣು ಹೋಗಿತ್ತು. ಅವರನ್ನು ನಾನು ಬಾಯಮ್ಮ ಎನ್ನುತ್ತಿದ್ದೆ.

ಬಾಯಮ್ಮನ ಹತ್ತಿರ ಅಂಗೈಯಗಲದ ಒಂದು ಪುಸ್ತಕವಿತ್ತು. ಹಿಂದೆ ಊರಿನ ಇಗರ್ಜಿಯಲ್ಲಿ ಪೂಜೆಯೆಲ್ಲ ಲ್ಯಾಟಿನ್ನಿನಲ್ಲಿ ನಡೆಯುವಾಗ, ಸತ್ತವರಿಗೆ ಹಾಡುವ ಹಾಡನ್ನು ಅವರೇ ಕನ್ನಡ ಅಕ್ಷರದಲ್ಲಿ ಬರೆದುಕೊಂಡದ್ದು. ರಾಗ ಪೂರ್ತಿ ನೆನಪಿತ್ತು, ಶಬ್ದ ಅಲ್ಲಲ್ಲಿ ಮರೆತಿತ್ತು. ತನ್ನನ್ನು ಮಣ್ಣು ಮಾಡುವಾಗ ಅದೇ ಹಾಡು ಬೇಕೆಂದು ಅವರ ಹಟ. ಇಲ್ಲಿಯ ಚರ್ಚಿನ ಹಾಡುಗಾರರದ್ದು ಗಿಟಾರು, ಇಂಗ್ಲಿಷು. ಮಗನಿಗೆ ಪುರುಸೊತ್ತಿಲ್ಲ. ಮೊಮ್ಮಗಳು ಕಲಿಯುತ್ತೇನೆಂದಳು, ಅವಳಿಗೆ ಕನ್ನಡ ಓದಲು ಬಾರದು.

"ನೀನು ಓದು ಮಾರಾಯ್ತಿ," ಎಂದರು ನನಗೆ.

"ನಾನು ದೇವಸ್ಥಾನಕ್ಕೆ ಹೋಗುವವಳು ಬಾಯಮ್ಮ. ನಿಮ್ಮ ಹಾಡು ನನಗೆಂತಕ್ಕೆ?"

"ಹಾಡ್ಲಿಕ್ಕೆ ಹೇಳಿದೆನಾ? ಓದ್ಲಿಕ್ಕೆ ಹೇಳಿದ್ದು. ನೀನು ಹಾಡಿದ್ರೆ ಸತ್ತವರೂ ಎದ್ದು ಓಡಿಯಾರು."

ಮಧ್ಯಾಹ್ನ ಮೀನು ಕೊಯ್ದು ಕೈ ತೊಳೆದು ಕೂರುತ್ತಿದ್ದೆ. ನಾನು ಅಕ್ಷರ ಕೂಡಿಸಿ ಓದುವುದು, ಬಾಯಮ್ಮ ಹಾಡುವುದು, ಹುಡುಗಿ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡು ಹಾಡುವುದು. ತಾಳವಿಲ್ಲದ ಹಾಡು, ಉದ್ದಕ್ಕೆ ಎಳೆಯುತ್ತದೆ. ನನಗೆ ನಿದ್ದೆ ಬರುತ್ತಿತ್ತು.

ಅರ್ಧ ಆಗುವಷ್ಟರಲ್ಲಿ ಬಾಯಮ್ಮನಿಗೆ ಲಕ್ವ ಹೊಡೆದು ಮಾತು ನಿಂತಿತು. ಉಳಿದ ಪುಟಗಳನ್ನು ನಾನು ಓದಿದೆ, ಹುಡುಗಿ ಮೊದಲಿನ ರಾಗವನ್ನೇ ಕೂಡಿಸಿದಳು. ನಾನು ಓದು ನಿಲ್ಲಿಸಿದಲ್ಲಿ ಅವಳೂ ಹಾಡು ನಿಲ್ಲಿಸಿದಳು. ಮಂಚದ ಹತ್ತಿರ ಹಾಡಿದರೆ ಬಾಯಮ್ಮ ಒಂದು ಕೈಯಿಂದ ಹಾಸಿಗೆಗೆ ಹೊಡೆಯುತ್ತಿದ್ದರು.

"ಅಜ್ಜಿಗೆ ಖುಷಿಯಾಗಿದೆ ಆಂಟಿ," ಎಂದಳು ಹುಡುಗಿ. ನಾನೂ ಹಾಗೆಂದೇ ತಿಳಿದೆ.

ತಿಂಗಳೊಳಗೆ ಬಾಯಮ್ಮ ತೀರಿಹೋದರು. ಸಲ್ಮಾಬಾದಿನ ಸ್ಮಶಾನದಲ್ಲಿ ಗುಂಡಿಯ ಪಕ್ಕ ಹುಡುಗಿ ಒಬ್ಬಳೇ ಹಾಡಿದಳು. ಮೊದಲರ್ಧ ಮುದಿ ಪಾದ್ರಿ ಕಣ್ಣು ಮುಚ್ಚಿ ಕೇಳಿದರು. ಆಮೇಲೆ ಕಣ್ಣು ತೆರೆದರು. ಹುಡುಗಿ ಹಾಡು ನಿಲ್ಲಿಸಿದಾಗಲೆಲ್ಲ ಅವಳ ಮುಖ ನೋಡಿದರು.

ಮಣ್ಣು ಹಾಕಿಯಾದ ಮೇಲೆ ನನ್ನ ಹತ್ತಿರ ಬಂದರು. ಅವರೂ ನಮ್ಮ ಊರಿನ ಕಡೆಯವರೇ.

"ಕಲಿಸಿದ್ದು ನೀವಂತೆ. ಅಲ್ಲಲ್ಲಿ ಶಬ್ದದ ನಡುವೆಯೇ ನಿಲ್ಲಿಸಿದ್ದು ಎಂತಕ್ಕೆ?"

ಚೀಲದಿಂದ ಪುಸ್ತಕ ತೆಗೆದು ತೋರಿಸಿದೆ. ಸಣ್ಣ ಪುಟ, ಸಾಲು ಮುಗಿದಲ್ಲಿ ನಾನು ಉಸಿರು ತೆಗೆದುಕೊಂಡಿದ್ದೆ. ಶಬ್ದ ಕೆಳಗಿನ ಸಾಲಿಗೆ ಇಳಿದದ್ದು ನನಗೆ ಹೇಗೆ ಗೊತ್ತಾಗಬೇಕು? ಬಾಯಮ್ಮ ಹಾಸಿಗೆಗೆ ಹೊಡೆದದ್ದು ಖುಷಿಗಲ್ಲ ಎಂದು ಆಗ ತಿಳಿಯಿತು.

"ತಪ್ಪಾಯ್ತಾ ಫಾದರ್?"

ಅವರು ಪುಟ ತಿರುವಿ ಪುಸ್ತಕ ನನ್ನ ಕೈಗೆ ಕೊಟ್ಟರು. "ಹಾಡು ಅದೇ," ಎಂದರು. "ಬಾಯಮ್ಮ ಮೇಲೆ ಕೂತು ನಿಮಗೆ ಬೈತಾ ಇರಬಹುದು."

"ಬೈಲಿ. ಬದುಕಿರುವಾಗಲೂ ಬೈತಿದ್ರು," ಎಂದೆ.