ಜಪಸರದಲ್ಲಿ ಅಮೆರಿಕಾ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಳೆದ ಅಕ್ಟೋಬರಿನ ಒಂದು ಗುರುವಾರ ಸಂಜೆ, ದುಬೈಯ ಊದ್ ಮೇಥಾದ ಒಂದು ಫ್ಲ್ಯಾಟಿನಲ್ಲಿ, ಹನ್ನೊಂದು ಮಂದಿ ಭಕ್ತರು ಚಂದ್ರನ ಮೇಲೆ ಇಳಿದ ಅಮೆರಿಕನ್ನರಿಗಾಗಿ ನನ್ನ ದೆಸೆಯಿಂದ ಹತ್ತು ಬಾರಿ ‘ನಮಾನ್ ಮರಿಯೆ’ ಪ್ರಾರ್ಥನೆ ಹೇಳಿದರು. ಅವರು ಇಳಿದು ಅರ್ಧ ಶತಮಾನ ದಾಟಿದೆ, ಸುಖವಾಗಿ ಮನೆಗೂ ತಲುಪಿದ್ದಾರೆ. ಆದರೂ ಹೇಳಿದರು. ಇದು ಹೇಗಾಯಿತೆಂದು ತಿಳಿಯಬೇಕಾದರೆ ನಾನು ಫೇಲಾದ ಕತೆಯನ್ನು ನೀವು ಕೇಳಬೇಕು.

ಮಂಗಳೂರಿನಲ್ಲಿ ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದಾಗ ಗಲ್ಫಿನ ವೀಸಾ ಬಂತು. ವೀಸಾ ಪರೀಕ್ಷೆಗಾಗಿ ಕಾಯುವುದಿಲ್ಲ, ಪರೀಕ್ಷೆ ಬೇಕಾದರೆ ವೀಸಾಕ್ಕಾಗಿ ಕಾಯಲಿ ಎಂದರು ಮನೆಯಲ್ಲಿ. ಪರೀಕ್ಷೆ ಪಾಪ, ಮೂವತ್ತು ವರ್ಷ ಕಾಯಿತು. ಈ ಮೂವತ್ತು ವರ್ಷಗಳಲ್ಲಿ ನಾನು ಕ್ಲಿನಿಕ್ಕಿನ ಇನ್ಶೂರೆನ್ಸ್ ಕೌಂಟರಿನಲ್ಲಿ ಕುಳಿತು ಊರವರ ಮೂತ್ರಪಿಂಡ, ಮಂಡಿಚಿಪ್ಪುಗಳ ಬಗ್ಗೆ ಎಲ್ಲ ಕಲಿತೆ. ಆದರೆ ಮಗಳ ಶಾಲೆಯ ಅರ್ಜಿಯಲ್ಲಿ ‘ತಾಯಿಯ ವಿದ್ಯಾರ್ಹತೆ’ ಎಂಬ ಚೌಕ ಬಂದಾಗಲೆಲ್ಲ ನನ್ನ ಪೆನ್ನು ಒಣಗಿಬಿಡುತ್ತಿತ್ತು. ಬಿ.ಎ., ಅಪೂರ್ಣ ಎಂದು ಬರೆಯುವಾಗ ಆಗುವ ಸಂಕಟ ಬರೆದವರಿಗೇ ಗೊತ್ತು. ಕೊನೆಗೆ ಐವತ್ತರ ಹೊಸ್ತಿಲಲ್ಲಿ ಧೈರ್ಯಮಾಡಿ, ಮನೆಯಲ್ಲೇ ಕುಳಿತು ಓದಿಸುವ ಅಮೆರಿಕದ ಒಂದು ವಿಶ್ವವಿದ್ಯಾಲಯಕ್ಕೆ ಹೆಸರು ಕೊಟ್ಟೆ. ಎಲ್ಲ ಪೇಪರೂ ಮುಗಿಯಿತು, ಒಂದನ್ನು ಬಿಟ್ಟು. ಅದು ‘ಆಧುನಿಕ ಅಮೆರಿಕದ ಚರಿತ್ರೆಯ ಮುಖ್ಯ ತಿರುವುಗಳು’. ಅವರ ಪದವಿ ಬೇಕಾದರೆ ಅವರ ಚರಿತ್ರೆ ಓದಲೇಬೇಕು, ನ್ಯಾಯವೇ. ಇದಕ್ಕೆ ಬರೆಯುವ ಪರೀಕ್ಷೆಯಿಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಪ್ರೊಫೆಸರ್ ಬಂದು ಮುಖಕ್ಕೆ ಮುಖ ಕೊಟ್ಟು ಕೇಳುತ್ತಾರೆ.

ಮೊದಲ ಸಲ ನಾನು ಮಗಳು ರೆನಿಟಾ ಹೇಳಿದಂತೆ ಬಣ್ಣಬಣ್ಣದ ಕಾರ್ಡುಗಳಲ್ಲಿ ಘಟನೆಗಳನ್ನು ಬರೆದು ಬಾಯಿಪಾಠ ಮಾಡಿದ್ದೆ. ಪರದೆಯ ಮೇಲೆ ಆ ಪ್ರೊಫೆಸರ್ ಹೆಂಗಸಿನ ಮುಖ ಮೂಡಿದ್ದೇ ತಡ, ಕಾರ್ಡುಗಳೆಲ್ಲ ತಲೆಯೊಳಗೆ ಕಲಸಿಹೋದವು. ಬರ್ಲಿನ್ ಗೋಡೆಯನ್ನು ಚಂದ್ರಯಾನಕ್ಕಿಂತ ಮೊದಲೇ ಕೆಡವಿದೆ. ಷೇರುಪೇಟೆ ಕುಸಿದ ಮಹಾಕುಸಿತವನ್ನು ಎರಡನೆಯ ಮಹಾಯುದ್ಧದ ಆಚೆಗೆ ಒಯ್ದು ಇಳಿಸಿದೆ. ಫೇಲ್. ಇನ್ನೊಂದೇ ಅವಕಾಶ, ಅದೂ ಹೋದರೆ ಇಡೀ ಪದವಿಯೇ ಖಲಾಸ್ ಎಂದು ಪತ್ರ ಬಂತು. ಖಲಾಸ್ ಎಂಬ ಶಬ್ದ ಅವರದಲ್ಲ, ನನ್ನದು. ಅವರು ಅದನ್ನೇ ಅರ್ಧ ಪುಟದಲ್ಲಿ ಬಹಳ ಮರ್ಯಾದೆಯಿಂದ ಬರೆದಿದ್ದರು.

“ಮಮ್ಮಾ, ಯು ಡೋಂಟ್ ನೀಡ್ ದಿಸ್,” ಎಂದಳು ರೆನಿಟಾ. ಸಮಾಧಾನಕ್ಕೇ ಹೇಳಿದ್ದು. ಆದರೆ ನನಗೆ ಬೇಕಾಗಿತ್ತು. ಸಂಬಳ ಹೆಚ್ಚುತ್ತದೆಂದಲ್ಲ, ಆ ಚೌಕದಲ್ಲಿ ‘ಅಪೂರ್ಣ’ ಎಂದು ಬರೆದುಕೊಂಡೇ ಸಾಯುವ ಮನಸ್ಸಿರಲಿಲ್ಲ.

ಆ ದಿನಗಳಲ್ಲೇ ನಮ್ಮ ಕ್ಲಿನಿಕ್ಕು ನನ್ನನ್ನು ದುಬೈಯಿಂದ ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಶಾಖೆಗೆ ಹಾಕಿತು. ಮನೆ ಊದ್ ಮೇಥಾದಲ್ಲಿ, ಕೆಲಸ ಅಬುಧಾಬಿಯಲ್ಲಿ, ಬದುಕು ಬಸ್ಸಿನಲ್ಲಿ. ಬಸ್ಸಿನಲ್ಲಿ ಪುಸ್ತಕ ಬಿಚ್ಚಿದರೆ ನನಗೆ ತಲೆ ತಿರುಗುತ್ತದೆ. ಹಾಗಾಗಿ ಜಪಸರ ತೆಗೆದು ಮಣಿ ಎಣಿಸುತ್ತಿದ್ದೆ. ಒಂದು ಬೆಳಿಗ್ಗೆ ಮರಳುಗಾಡಿನ ನಡುವೆ ಎಲ್ಲೋ ಒಂದು ಯೋಚನೆ ಬಂತು. ಇಪ್ಪತ್ತು ಘಟನೆಗಳನ್ನು ಸಾಲು ತಪ್ಪದೆ ನೆನಪಿಟ್ಟುಕೊಳ್ಳಲು ನನಗೆ ಬರುವುದಿಲ್ಲ ಎಂದವರು ಯಾರು?

ಜಪಸರ ಗೊತ್ತಿಲ್ಲದವರಿಗೆ ಒಂದು ಮಾತು. ನಾವು ಕ್ರೈಸ್ತರು ಅದರಲ್ಲಿ ಹತ್ತು ಹತ್ತು ಮಣಿಗಳ ಐದು ಗುಂಪು ಎಣಿಸುತ್ತೇವೆ, ಮಣಿಗೊಂದರಂತೆ ಯೇಸುವಿನ ತಾಯಿಗೆ ‘ನಮಾನ್ ಮರಿಯೆ’ ಎಂದು ನಮಿಸುತ್ತ. ಪ್ರತಿ ಗುಂಪಿಗೆ ಮುನ್ನ ಯೇಸು ಮತ್ತು ಅವರ ತಾಯಿಯ ಬದುಕಿನ ಒಂದು ಘಟನೆಯನ್ನು ಗಟ್ಟಿಯಾಗಿ ಹೇಳುತ್ತೇವೆ. ಅದನ್ನು ರಹಸ್ಯ ಎನ್ನುತ್ತಾರೆ. ಸಂತೋಷದವು ಐದು, ದುಃಖದವು ಐದು, ಮಹಿಮೆಯವು ಐದು, ಬೆಳಕಿನವು ಐದು, ವಾರದ ದಿನಕ್ಕೆ ತಕ್ಕಂತೆ. ನಮ್ಮೂರು ಶಿರ್ವದ ಮನೆಯಲ್ಲಿ ಚಾಪೆಯ ಮೇಲೆ ಮೊಣಕಾಲೂರಿ, ತೂಕಡಿಸಿದಾಗ ಅಮ್ಮನಿಂದ ಚಿವುಟಿಸಿಕೊಂಡು ಕಲಿತದ್ದು ಅವು. ಈಗಲೂ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಿಯೇನು. ಇನ್ನೊಂದು ಸಂಗತಿ: ನಾನು ಚಿಕ್ಕವಳಿದ್ದಾಗ ರಹಸ್ಯಗಳು ಹದಿನೈದೇ ಇದ್ದವು. ಬೆಳಕಿನವು ಐದು ಆಮೇಲೆ ಸೇರಿದವು. ಎಷ್ಟೋ ನೂರು ವರ್ಷದಿಂದ ಇದ್ದ ಪಟ್ಟಿಗೂ ಹೊಸದನ್ನು ಸೇರಿಸಬಹುದು ಎಂದು ತಿಳಿದಾಗ ನನಗೆ ಬಹಳ ಆಶ್ಚರ್ಯವಾಗಿತ್ತು.

ಅಂತೂ ಅಮೆರಿಕದ ಚರಿತ್ರೆಯನ್ನು ನಾಲ್ಕಾಗಿ ಹಂಚಲು ಕುಳಿತೆ. ಸುಲಭವೆಂದುಕೊಂಡಿರಾ? ಮಹಾಕುಸಿತ ದುಃಖಕ್ಕೆ ಹೋಯಿತು, ಅವಳಿ ಗೋಪುರಗಳು ಬಿದ್ದದ್ದೂ ದುಃಖಕ್ಕೆ. ಅಣುಬಾಂಬಿನ ಹತ್ತಿರ ಕೈ ನಿಂತಿತು. ನನ್ನ ಪಠ್ಯಪುಸ್ತಕ ಅದನ್ನು ಯುದ್ಧ ಮುಗಿಸಿದ ಮಹಿಮೆಯ ಪಕ್ಕದಲ್ಲೇ ಇಟ್ಟಿತ್ತು. ನಾನು ಕೇಳಲಿಲ್ಲ, ಎತ್ತಿ ದುಃಖದಲ್ಲಿ ಹಾಕಿದೆ. ಬರ್ಲಿನ್ ಗೋಡೆ ಮಹಿಮೆ. ಏಷ್ಯಾದವರಿಗೆ ಬಾಗಿಲು ತೆರೆದ ಅರವತ್ತೈದರ ವಲಸೆ ಕಾನೂನು ಸಂತೋಷ.

ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಡಲು ಒಪ್ಪದ ಆ ಕಪ್ಪು ಹೆಂಗಸಿನ ಕತೆಯನ್ನು ನಾನು ನೆನೆಯುತ್ತಿದ್ದದ್ದು ಬಸ್ಸಿನಲ್ಲೇ, ಹೆಂಗಸರಿಗೆಂದು ಬಿಟ್ಟ ಮುಂದಿನ ಸೀಟಿನಲ್ಲಿ ಹಾಯಾಗಿ ಕುಳಿತು. ನನ್ನ ಸೀಟನ್ನು ಒಂದು ಬೋರ್ಡು ಕಾಯುತ್ತಿತ್ತು. ಆಕೆಯ ಕಾಲದಲ್ಲಿ ಬೋರ್ಡೂ ಕಾನೂನೂ ಆಕೆಯ ವಿರುದ್ಧವೇ ಇದ್ದವು. ಆಕೆ ಮಾಡಿದ್ದು ಏಳದೆ ಕುಳಿತದ್ದು, ಅಷ್ಟೇ. ಆಮೇಲೆ ಆ ಊರಿನ ಕಪ್ಪು ಜನರೆಲ್ಲ ಒಂದು ವರ್ಷಕ್ಕೂ ಮೀರಿ ಬಸ್ಸು ಹತ್ತದೆ ನಡೆದರು. ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಎರಡು ಸಿಗ್ನಲ್ ನಡೆದರೆ ಉಸ್ಸೆನ್ನುವ ನಾನು ಅದನ್ನು ಬೆಳಕಿನ ಮೊದಲನೆಯ ರಹಸ್ಯ ಮಾಡಿದೆ.

ಎಪ್ಪತ್ಮೂರರ ಎಣ್ಣೆಯ ಬಿಕ್ಕಟ್ಟಿನಲ್ಲಿ ಮಾತ್ರ ನಾನು ಪೂರಾ ಸಿಕ್ಕಿಬಿದ್ದೆ. ಅರಬರು ಎಣ್ಣೆ ನಿಲ್ಲಿಸಿದರು, ಬೆಲೆ ಏರಿತು, ಅಮೆರಿಕದವರು ಪೆಟ್ರೋಲ್ ಪಂಪಿನ ಮುಂದೆ ಸಾಲುಗಟ್ಟಿ ನಿಂತರು. ಪುಸ್ತಕದ ಪ್ರಕಾರ ದುಃಖ. ಆದರೆ ಆ ಬೆಲೆಯ ಬೆನ್ನಿಗೇ ಇಲ್ಲಿ ರಸ್ತೆ, ಬಂದರು, ಆಸ್ಪತ್ರೆಗಳೆದ್ದವು. ನನ್ನ ಅಪ್ಪ ದುಬೈಯ ನೈಫ್‌ನ ಒಂದು ಸಣ್ಣ ಅಂಗಡಿಯಲ್ಲಿ ಬಟ್ಟೆ ಹೊಲಿಯಲು ಬಂದರು. ಅವರು ಕಳಿಸಿದ್ದರಲ್ಲಿ ನಮ್ಮ ಮನೆಗೆ ಹೆಂಚು ಬಂತು, ನಾನು ಕಾಲೇಜಿಗೆ ಹೋದೆ. ಅಲ್ಲಿ ಯಾರೋ ಕಾರಿನಲ್ಲಿ ಕುಳಿತು ಶಾಪ ಹಾಕುತ್ತಿದ್ದ ಹೊತ್ತಿಗೆ ಶಿರ್ವದಲ್ಲಿ ನನ್ನಮ್ಮ ಸಂತೋಷದ ರಹಸ್ಯ ಹೇಳುತ್ತಿದ್ದಳು. ಅದನ್ನು ಎರಡೂ ಪಟ್ಟಿಯಲ್ಲಿ ಬರೆದುಕೊಂಡೆ.

ಹೀಗೆ ವಾರಗಟ್ಟಲೆ ನಡೆಯಿತು. ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತ, ಮಣಿಗೊಂದು ವಿವರದಂತೆ ನಾನು ಅಮೆರಿಕವನ್ನು ಜಪಿಸುತ್ತಿದ್ದರೆ ನೋಡಿದವರಿಗೆ ಏನನ್ನಿಸಬೇಕು? ಪಕ್ಕದಲ್ಲಿ ದಿನಾ ಕೂರುತ್ತಿದ್ದ ಭಟ್ಕಳದ ಜುಬೇದಾ ಆಪಾ, ಬಟ್ಟೆ ವ್ಯಾಪಾರದ ಮನೆಯವರು, ತಾವೂ ತಸ್ಬೀಹ್ ಮಣಿ ಎಣಿಸುವವರು, ಒಂದು ದಿನ ನನ್ನ ಕೈ ಹಿಡಿದೇಬಿಟ್ಟರು. “ನಿಮ್ಮಷ್ಟು ಇಬಾದತ್, ದೇವರ ಧ್ಯಾನ, ನಮ್ಮಿಂದ ಆಗೂದಿಲ್ಲ ನೋಡಿ. ನನ್ನ ಮಗಳಿಗೆ ಇದೇ ತಿಂಗಳು ಹೆರಿಗೆ, ಸ್ವಲ್ಪ ದುವಾ ಮಾಡ್ರಿ.” ನಾನಾಗ ಷೇರುಪೇಟೆಯ ಕುಸಿತದ ಏಳನೆಯ ಮಣಿಯಲ್ಲಿದ್ದೆ. ನಾಚಿಕೆಯಾಗಿ ಅಮೆರಿಕವನ್ನು ಅಲ್ಲೇ ನಿಲ್ಲಿಸಿ ಆಕೆಯ ಮಗಳಿಗಾಗಿ ನಿಜವಾಗಿಯೇ ಪ್ರಾರ್ಥಿಸಿದೆ. ಹೆಣ್ಣುಮಗು ಹುಟ್ಟಿತು, ನನಗೆ ಹಲ್ವಾ ಬಂತು.

ಇನ್ನು ಆ ಗುರುವಾರ. ಅಕ್ಟೋಬರಿನಲ್ಲಿ ನಮ್ಮವರೆಲ್ಲ ದಿನಕ್ಕೊಂದು ಫ್ಲ್ಯಾಟಿನಲ್ಲಿ ಸೇರಿ ಜಪಸರ ಹೇಳುವ ಪದ್ಧತಿ. ಕೊನೆಗೆ ಕಡಲೆ, ಚಹಾ. ಅಂದು ಮೂರನೆಯ ರಹಸ್ಯ ಹೇಳುವ ಸರದಿ ನನ್ನದು. ನನ್ನ ಪರೀಕ್ಷೆಗೆ ನಾಲ್ಕೇ ದಿನ ಉಳಿದಿತ್ತು. ಗುರುವಾರ ಬೆಳಕಿನ ದಿನ. ನಾನು ಕಣ್ಣು ಮುಚ್ಚಿ ಗಂಭೀರವಾಗಿ ಘೋಷಿಸಿದೆ: “ಬೆಳಕಿನ ಮೂರನೆಯ ರಹಸ್ಯ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟದ್ದು.”

ಕಣ್ಣು ತೆರೆದರೆ ರೆನಿಟಾ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಕುಲುಕುತ್ತಿದ್ದಳು. ನನಗೆ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಆಗ ಮೂಲೆಯಿಂದ ಬೆನ್ನಾ ಬಾಯಿ, ನಮ್ಮೆಲ್ಲರಿಗಿಂತ ಹಿರಿಯ ನರ್ಸ್, ತಿಂಗಳ ಕೊನೆಗೆ ನಿವೃತ್ತರಾಗಿ ಊರಿಗೆ ಹೊರಟಿದ್ದವರು, ಏನೂ ಆಗದವರಂತೆ ಪ್ರಾರ್ಥನೆ ಎತ್ತಿಕೊಂಡರು. ಉಳಿದವರು ದನಿಗೂಡಿಸಿದರು. ಹತ್ತೂ ಆಯಿತು.

ಚಹಾದ ಹೊತ್ತಿಗೆ ನಾನು ಬೆನ್ನಾ ಬಾಯಿಯ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಅವರು ಕೊಂಕಣಿಯಲ್ಲಿ ಹೇಳಿದ್ದನ್ನು ನಮ್ಮ ಕರಾವಳಿಯ ಕನ್ನಡದಲ್ಲಿ ಬರೆಯುತ್ತೇನೆ.

“ಎಂತದ್ದು ಕ್ಷಮೆ ಜೆಸ್ಸಿ ಮಾರಾಯ್ತಿ? ನಾನು ಕುವೈತಿನಿಂದ ಓಡಿ ಬಂದದ್ದು ಗೊತ್ತುಂಟಲ್ಲ ನಿನಗೆ. ತೊಂಬತ್ತರಲ್ಲಿ. ಬಸ್ಸಲ್ಲಿ ಬಾಗ್ದಾದ್, ಅಲ್ಲಿಂದ ಜೋರ್ಡನ್ ಗಡಿ, ಮತ್ತೆ ಮರಳಲ್ಲಿ ಡೇರೆ. ಜಪಸರ ಎಲ್ಲೋ ಬಿದ್ದುಹೋಗಿತ್ತು, ಬೆರಳಲ್ಲೇ ಎಣಿಸ್ತಿದ್ದೆ. ಹೆದರಿಕೆಗೆ ದುಃಖದ್ದು ಬಿಟ್ಟು ಬೇರೆ ರಹಸ್ಯವೇ ಬಾಯಿಗೆ ಬರ್ತಿರ್ಲಿಲ್ಲ. ಒಂದು ಸಂಜೆ ನೀರಿನ ಟ್ಯಾಂಕರ್ ಬಂತು. ನಾನು ಹೇಳಿದೆ, ಸಂತೋಷದ ಮೊದಲನೇ ರಹಸ್ಯ, ನೀರು ಬಂದದ್ದು ಅಂತ. ಯಾರೂ ತಿದ್ದಲಿಕ್ಕೆ ಬರ್ಲಿಲ್ಲ. ಎಲ್ಲರೂ ಹತ್ತು ಹೇಳಿದ್ರು, ಮತ್ತೆ ನೀರು ಕುಡಿದದ್ದು.”

ನಾನು ಇಷ್ಟು ವರ್ಷ ಅವರನ್ನು ಬಲ್ಲೆ, ಈ ನೀರಿನ ಮಾತು ಕೇಳಿರಲಿಲ್ಲ. ನನ್ನ ಪುಸ್ತಕದಲ್ಲಿ ಕುವೈತ್ ಯುದ್ಧಕ್ಕೆ ಹನ್ನೆರಡು ಪುಟ, ಎರಡು ನಕ್ಷೆ, ನಕ್ಷೆಯ ತುಂಬ ದಪ್ಪ ಬಾಣಗಳಿದ್ದವು. ಆ ಬಾಣಗಳ ಅಡಿಯಲ್ಲಿ ಬೆರಳೆಣಿಸುತ್ತ ಕುಳಿತ ಇಪ್ಪತ್ತನಾಲ್ಕು ವರ್ಷದ ನರ್ಸ್ ಎಲ್ಲೂ ಇರಲಿಲ್ಲ.

ಪರೀಕ್ಷೆಯ ದಿನ ಬಂತು. ಅವರಲ್ಲಿ ಬೆಳಿಗ್ಗೆ, ನಮ್ಮಲ್ಲಿ ಸಂಜೆ. ರೆನಿಟಾ ಬಾಗಿಲ ಹೊರಗೆ ಕಾವಲು ನಿಂತಳು, ಅಡುಗೆಮನೆಯಲ್ಲಿ ಕುಕ್ಕರ್ ಕೂಗಬಾರದೆಂದು ಕಟ್ಟಪ್ಪಣೆ. ನಾನು ಮೇಜಿನ ಕೆಳಗೆ ಜಪಸರ ಹಿಡಿದು ಕುಳಿತೆ. ಮೊದಲ ಎರಡು ಪ್ರಶ್ನೆ ನೀರು ಕುಡಿದಷ್ಟು ಸಲೀಸು. ಮೂರನೆಯದಕ್ಕೆ ಬಾಯಿ ತೆರೆಯುವಷ್ಟರಲ್ಲಿ ಪ್ರೊಫೆಸರ್ ಕನ್ನಡಕ ಸರಿಪಡಿಸಿಕೊಂಡರು. ನಿಮ್ಮ ಕೈಯಲ್ಲಿ ಏನಿದೆ, ದಯವಿಟ್ಟು ತೋರಿಸಿ ಎಂದರು.

ಕೈಗಳು ಕಾಣುವಂತಿರಬೇಕು ಎಂದು ನಿಯಮಗಳಲ್ಲಿ ಸ್ಪಷ್ಟವಾಗಿ ಬರೆದಿತ್ತು. ಚೀಟಿ ನೋಡಿ ಹೇಳಿದವರನ್ನು ಅಲ್ಲೇ ಕೈಬಿಡುತ್ತಾರೆ ಎಂದೂ ಬರೆದಿತ್ತು. ಮೂವತ್ತು ವರ್ಷ ಕಾದದ್ದು ಮಣಿಸರಕ್ಕೆ ಸಿಕ್ಕಿ ಹೋಯಿತಲ್ಲ ಎಂದುಕೊಂಡೆ. ಜಪಸರ ಎತ್ತಿ ತೋರಿಸಿ, ಹೇಗೆ ಹಂಚಿಕೊಂಡು ಓದಿದೆ ಎಂದು ಇದ್ದದ್ದು ಇದ್ದಂತೆ ಹೇಳಿದೆ. ಆಕೆ ಪರದೆಯ ಹತ್ತಿರಕ್ಕೆ ಬಾಗಿ ಮಣಿಗಳನ್ನು ನೋಡಿದರು. ಅದನ್ನು ದೂರ ಇಡಿ, ಎರಡೂ ಕೈ ಮೇಜಿನ ಮೇಲಿರಲಿ, ಮುಂದುವರಿಸಿ ಎಂದರು.

ಜಪಸರ ಕಪಾಟಿಗೆ ಹೋಯಿತು, ತಲೆ ಖಾಲಿಯಾಯಿತು. ಮೇಜಿನ ಮೇಲೆ ಉಳಿದದ್ದು ಎರಡು ಬರಿ ಕೈ. ಆಗ ಬೆನ್ನಾ ಬಾಯಿಯ ಡೇರೆ ನೆನಪಾಯಿತು. ಹೆಬ್ಬೆರಳನ್ನು ಕಿರುಬೆರಳ ಬುಡಕ್ಕೆ ಒತ್ತಿದೆ. ಮಹಾಕುಸಿತ ಬಂತು. ಗೆಣ್ಣಿನಿಂದ ಗೆಣ್ಣಿಗೆ ಸರಿದೆ. ಯುದ್ಧ ಬಂತು, ಬಾಂಬು ಬಂತು, ಬಸ್ಸಿನ ಹೆಂಗಸು ಬಂದಳು, ಚಂದ್ರ ಬಂದ, ಎಣ್ಣೆ ಬಂತು, ಗೋಡೆ ಬಿತ್ತು. ಎಲ್ಲರೂ ಸಾಲಾಗಿ, ಒಬ್ಬರೂ ಒಬ್ಬರನ್ನು ತಳ್ಳದೆ ಬಂದರು.

ಕೊನೆಯ ಪ್ರಶ್ನೆ ಇದು: ಪುಸ್ತಕದಲ್ಲಿ ಬಿಟ್ಟುಹೋದ ಒಂದು ತಿರುವು ಯಾವುದು? ನಾನು ನೀರಿನ ಟ್ಯಾಂಕರಿನ ಕತೆ ಹೇಳಿದೆ. ಅದು ಅಮೆರಿಕದ ಚರಿತ್ರೆ ಹೇಗಾಗುತ್ತದೆ ಎಂದು ಆಕೆ ಕೇಳಿದರು. ದಿನಾ ಬಸ್ಸಿನಲ್ಲಿ ಓಡಾಡುವ ನನಗೆ ಗೊತ್ತಿದ್ದದ್ದು ಒಂದೇ ಉತ್ತರ. ಬಸ್ಸು ತಿರುವಿನಲ್ಲಿ ತಿರುಗುವಾಗ ಡ್ರೈವರ್ ಒಬ್ಬನೇ ವಾಲುವುದಿಲ್ಲ ಮೇಡಂ, ಹಿಂದಿನ ಸೀಟಿನವರೂ ವಾಲುತ್ತಾರೆ, ಕೆಲವರು ಬೀಳುತ್ತಾರೆ, ಪಕ್ಕದವರು ಹಿಡಿದುಕೊಳ್ಳುತ್ತಾರೆ, ಎಂದೆ. ಆಕೆ ಏನನ್ನೋ ಬರೆದುಕೊಂಡು ವಂದನೆ ಹೇಳಿ ಪರದೆಯಿಂದ ಮಾಯವಾದರು. ರೆನಿಟಾ ಒಳಗೆ ಬಂದಾಗ ನಾನು ಇನ್ನೂ ಬೆರಳು ಒತ್ತಿಕೊಂಡೇ ಕುಳಿತಿದ್ದೆ.

ಅಕ್ಟೋಬರಿನ ಕೊನೆಯ ಗುರುವಾರ ಬೆನ್ನಾ ಬಾಯಿಯ ಮನೆಯಲ್ಲಿ ಜಪಸರ. ಸಾಮಾನೆಲ್ಲ ಕಟ್ಟಿಯಾಗಿತ್ತು, ನಾವು ರಟ್ಟಿನ ಪೆಟ್ಟಿಗೆಗಳ ಮೇಲೆ ಕುಳಿತಿದ್ದೆವು. ಊರಿಗೆ ಹೋಗಿ ಮೊದಲು ಸ್ಕೂಟರ್ ಕಲೀಲಿಕ್ಕುಂಟು ಎಂದು ಅವರು ಎಲ್ಲರಿಗೂ ಸಾರುತ್ತಿದ್ದರು, ಅರವತ್ತಕ್ಕೆ. ನನ್ನ ಫಲಿತಾಂಶ ಅಂದೇ ಮಧ್ಯಾಹ್ನ ಬಂದಿತ್ತು. ರೆನಿಟಾಳಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ. ಅವಳ ಬಾಯಲ್ಲಿ ಮಾತು ನಿಲ್ಲುವುದಿಲ್ಲ ಎಂಬುದನ್ನು ನಾನು ಮರೆತಿದ್ದೆ.

ನಾಲ್ಕು ರಹಸ್ಯ ಮುಗಿಯಿತು. ಐದನೆಯದು ಬೆನ್ನಾ ಬಾಯಿಯ ಸರದಿ. ಅವರು ಗಂಟಲು ಸರಿಮಾಡಿಕೊಂಡು, ಕಣ್ಣು ಮುಚ್ಚಿ, ಚೂರೂ ನಗದೆ ಹೇಳಿದರು: “ಬೆಳಕಿನ ಐದನೆಯ ರಹಸ್ಯ. ನಮ್ಮ ಜೆಸ್ಸಿ ಬಿ.ಎ. ಪಾಸಾದದ್ದು.”

ಯಾರೂ ತಿದ್ದಲು ಹೋಗಲಿಲ್ಲ. ಎಲ್ಲರೂ ಹತ್ತು ಹೇಳಿದರು. ನನಗೊಬ್ಬಳಿಗೆ ಮಾತ್ರ ಕಣ್ಣು ಮಂಜಾಗಿ, ಎಣಿಕೆ ತಪ್ಪಿ ಹನ್ನೊಂದಾಯಿತು.